ಮೈಲೋಮಾ ಚಿಕಿತ್ಸೆಯ ನಂತರ ಕಾಣುವ ಹೊಸ ಗೆರೆ

ಮಲ್ಟಿಪಲ್ ಮೈಲೋಮಾ ಎಂಬುದು ಅಸ್ಥಿಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರು. ಆರೋಗ್ಯವಂತರಲ್ಲಿ ಈ ಕೋಶಗಳು ನಾನಾ ಬಗೆಯ ಪ್ರತಿಕಾಯಗಳನ್ನು ತಯಾರಿಸಿ ದೇಹವನ್ನು ಸೋಂಕಿನಿಂದ ಕಾಯುತ್ತವೆ. ರೋಗಗ್ರಸ್ತ ಕೋಶಗಳಾದರೋ ಒಂದೇ ಬಗೆಯದನ್ನು ಮಿತಿಮೀರಿ ಉತ್ಪಾದಿಸುತ್ತವೆ. ಅದಕ್ಕೆ ಎಂ ಪ್ರೋಟೀನ್ ಎಂದು ಹೆಸರು. ಎಲೆಕ್ಟ್ರೋಫೊರೆಸಿಸ್ ಪರೀಕ್ಷೆಯಲ್ಲಿ ಅದು ದಟ್ಟ ಗೆರೆಯಾಗಿ ಕಾಣುತ್ತದೆ. ಚಿಕಿತ್ಸೆ ಫಲಿಸಿದಂತೆ ತೆಳುವಾಗುತ್ತದೆ. ಹೀಗೆ ಗೆರೆ ಮರೆಯಾದ ಮೇಲೆ ಎಂದೋ ಒಂದು ವರದಿಯಲ್ಲಿ ಮತ್ತೊಂದು ಗೆರೆ ಮೂಡಿತೆಂದರೆ, ರೋಗ ಮರಳಿತೆಂದೇ ಮನೆಮಂದಿಯೆಲ್ಲ ಎದೆಗುಂದುತ್ತಾರೆ.

ಆಗ ನಾವು ಮೊದಲು ಕೇಳಬೇಕಾದ ಪ್ರಶ್ನೆ: ಈ ಗೆರೆ ಯಾವ ಬಗೆಯದು? ಇದಕ್ಕೆ ಉತ್ತರ ಹೇಳುವುದು ಇಮ್ಯುನೊಫಿಕ್ಸೇಷನ್ ಪರೀಕ್ಷೆ. ರೋಗ ಪತ್ತೆಯಾದಾಗ 'ಐಜಿಎ ಲ್ಯಾಂಬ್ಡಾ' ಎಂದಿದ್ದು ಈಗ 'ಐಜಿಜಿ ಕಪ್ಪಾ' ಎಂದು ಬಂದಿದ್ದರೆ, ಅದು ಹಳೆಯ ರೋಗದ ಗುರುತಾಗಿರುವ ಸಂಭವ ಕಡಿಮೆ. ಡಾರಾಟುಮುಮಾಬ್ ಪಡೆಯುತ್ತಿರುವವರಲ್ಲಂತೂ ಕಾರಣ ಸರಳವಾಗಿರಬಹುದು. ಆ ಔಷಧವೇ ಒಂದು ಐಜಿಜಿ ಕಪ್ಪಾ ಪ್ರತಿಕಾಯ; ಪರೀಕ್ಷೆಯು ಮದ್ದನ್ನೇ ರೋಗದಂತೆ ತೋರಿಸಿರುತ್ತದೆ! ಮೂಲರೋಗವೂ ಐಜಿಜಿ ಕಪ್ಪಾ ಆಗಿದ್ದಲ್ಲಿ ತೊಡಕು ಹೆಚ್ಚು. ಎರಡನ್ನೂ ಬೇರ್ಪಡಿಸಲು ವಿಶೇಷ ಪರೀಕ್ಷೆ ಬೇಕು. ಆಕರಕೋಶ ಕಸಿಯಾದವರಲ್ಲೂ ಹೊಸ ಗೆರೆಗಳು ಮೂಡುವುದುಂಟು. ರೋಗನಿರೋಧಕ ವ್ಯವಸ್ಥೆ ಚೇತರಿಸಿಕೊಳ್ಳುವಾಗ ಕೆಲವೇ ಬಗೆಯ ಕೋಶಗಳು ಮೊದಲು ಬೆಳೆಯುವುದೇ ಇದಕ್ಕೆ ಕಾರಣ. ಇವು ಬಹುಪಾಲು ತಾವಾಗಿಯೇ ಮರೆಯಾಗುತ್ತವೆ.

ಫ್ರೀ ಲೈಟ್ ಚೈನ್ ಪರೀಕ್ಷೆಯಲ್ಲಿ ಕಪ್ಪಾ, ಲ್ಯಾಂಬ್ಡಾ ಎರಡೂ ಏರಿದ್ದರೆ ಅನುಪಾತವನ್ನು ನೋಡಬೇಕು. ವಾಡಿಕೆಯ ಮಿತಿ 0.26ರಿಂದ 1.65. ಮೂತ್ರಪಿಂಡ ದುರ್ಬಲವಾದವರಲ್ಲಿ ಅದು 3.1ರವರೆಗೆ ಹೋಗಬಹುದು.

ಒಂದೇ ವರದಿಯಿಂದ ವೈದ್ಯರು ತೀರ್ಮಾನಕ್ಕೆ ಬರುವುದಿಲ್ಲ, ಮರುಪರೀಕ್ಷೆ ಮಾಡಿಸುತ್ತಾರೆ. ಹಳೆಯ ಎಂ ಪ್ರೋಟೀನೇ ತನ್ನ ಕನಿಷ್ಠ ಮಟ್ಟದಿಂದ ಶೇ. 25ರಷ್ಟು, ಜೊತೆಗೆ ಡೆಸಿಲೀಟರಿಗೆ 0.5 ಗ್ರಾಂನಷ್ಟಾದರೂ ಏರಿದ್ದು ಎರಡು ಸಲ ಖಚಿತವಾದರೆ ರೋಗ ಮುಂದುವರಿದಿದೆಯೆಂದು ಎಣಿಸುತ್ತಾರೆ. ಆದುದರಿಂದ ಮೊತ್ತಮೊದಲ ವರದಿಯನ್ನು ಜೋಪಾನವಾಗಿಡಬೇಕು; ಸಾಧ್ಯವಾದಷ್ಟೂ ಒಂದೇ ಪ್ರಯೋಗಾಲಯದಲ್ಲಿ ಪರೀಕ್ಷಿಸಿಕೊಳ್ಳಬೇಕು. ಹೊಸದಾಗಿ ಮೂಳೆನೋವು, ತೀವ್ರ ಸುಸ್ತು, ಕಾಲಿನ ಬಲಹೀನತೆ ಕಂಡರೆ ಮಾತ್ರ ಮುಂದಿನ ಪರೀಕ್ಷೆಗೆಂದು ಕಾಯದೆ ಕೂಡಲೇ ವೈದ್ಯರನ್ನು ಕಾಣಬೇಕು.

ಇನ್ನೊಂದು ಮಾತು. ಡಾರಾಟುಮುಮಾಬ್ ಕೆಂಪು ರಕ್ತಕಣಗಳಿಗೂ ಅಂಟಿಕೊಳ್ಳುವುದರಿಂದ, ಕೊನೆಯ ಚುಚ್ಚುಮದ್ದಿನ ನಂತರವೂ 6 ತಿಂಗಳವರೆಗೆ ರಕ್ತದ ಹೊಂದಾಣಿಕೆ ಪರೀಕ್ಷೆಯಲ್ಲಿ ಗೊಂದಲವಾಗಬಹುದು. ಔಷಧದ ಹೆಸರನ್ನೂ ಚಿಕಿತ್ಸೆಗೆ ಮುಂಚಿನ ರಕ್ತದ ಗುಂಪಿನ ವರದಿಯನ್ನೂ ರೋಗಿಯ ಬಳಿ ಸದಾ ಇರಿಸಿ, ರಕ್ತ ಕೊಡಿಸುವ ಮುನ್ನ ರಕ್ತನಿಧಿಯವರಿಗೆ ತೋರಿಸಬೇಕು.