ಗುಳೆ ಹೋಗುವ ಮುನ್ನ: ಮಂಗಳೂರಿನ ಬದುಕಿನ ಬಗ್ಗೆ ಒಂದು ಪಾಠ



ಹಿಂಗಾರಿ ಜೋಳ, ಕಡಲೆ ಮನೆಗೆ ಬಂದು ಹೊಲದ ಕೆಲಸ ಮುಗಿದ ಕೂಡಲೇ ನಮ್ಮ ವಾರದ ಸಭೆಗಳಲ್ಲಿ ಜಮಖಾನದ ಮೇಲೆ ಜಾಗ ಖಾಲಿ ಕಾಣತೊಡಗುತ್ತದೆ. "ಆಕಿ ಎಲ್ಲಿ?" ಎಂದು ಕೇಳಿದರೆ "ಮಂಗಳೂರಿಗೆ ದುಡಿಯಾಕ ಹೋಗ್ಯಾಳ್ರಿ ಸಿಸ್ಟರ್, ಅಲ್ಲಿ ಪಗಾರ ಛಲೋ ಐತಂತ" ಎಂಬ ಉತ್ತರ ಬರುತ್ತದೆ. ಕೊಪ್ಪಳ, ರಾಯಚೂರು, ಬಳ್ಳಾರಿ, ಬಾಗಲಕೋಟೆ, ವಿಜಯಪುರದ ಕಡೆಯಿಂದ ಕರಾವಳಿಗೆ ಗುಳೆ ಹೋಗುವುದು ಹೊಸದೇನಲ್ಲ. ಹೋಗಬೇಡಿ ಎಂದು ಹೇಳುವುದಕ್ಕೆ ನಾವು ಈ ಪಾಠ ಬರೆಯುತ್ತಿಲ್ಲ. ಹೊಟ್ಟೆಪಾಡಿಗೆ ಊರು ಬಿಡುವವರನ್ನು ತಡೆಯಲು ನಾವು ಯಾರು? ಆದರೆ ಪಗಾರದ ಮಾತೊಂದನ್ನೇ ಕೇಳಿ ಬಸ್ಸು ಹತ್ತಿದವರು ಅಲ್ಲಿ ಹೇಗೆ ಇದ್ದರು, ಹೇಗೆ ಮರಳಿದರು ಎಂಬುದನ್ನು ನೋಡಿದ್ದೇವೆ. ಅದನ್ನು ನಿಮ್ಮ ಮುಂದೆ ಇಡುತ್ತೇವೆ.

ಊರು, ಮಾತು, ಊಟ

ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಘಟ್ಟ ಇಳಿದಿರುತ್ತೀರಿ. ಇಳಿದ ಕೂಡಲೇ ಮೈ ಬೆವರುತ್ತದೆ. ನಮ್ಮ ಕಡೆಯ ಬಿಸಿಲು ಸುಡುತ್ತದೆ, ನೆರಳಿಗೆ ಬಂದರೆ ತಂಪು. ಅಲ್ಲಿ ನೆರಳಿನಲ್ಲೂ ಬೆವರು ನಿಲ್ಲುವುದಿಲ್ಲ. ಮೊದಲ ಹದಿನೈದು ದಿನ ತಲೆ ಭಾರ, ಸುಸ್ತು. ಕೆಲಸದ ಜಾಗದಲ್ಲಿ ನೀರಿನ ಬಾಟಲಿ ಕೈಯಲ್ಲಿ ಇರಲಿ, ಉಪ್ಪು ಹಾಕಿದ ಮಜ್ಜಿಗೆ ಅಥವಾ ಗಂಜಿ ಕುಡಿಯಿರಿ. (ನಮ್ಮ ಧರ್ಮಭಗಿನಿಯರಲ್ಲಿ ಕರಾವಳಿಯಿಂದ ಈ ಕಡೆ ಬಂದವರು ಹಲವರು. ನಿಮ್ಮ ಒಣ ಬಿಸಿಲಿಗೆ ತುಟಿ ಒಡೆದು ಅವರು ಪಟ್ಟ ಕಷ್ಟ ನೋಡಿ ನೀವೇ ನಕ್ಕಿದ್ದೀರಿ. ಈಗ ನಿಮ್ಮ ಸರದಿ.)

ಮಾತಿನ ವಿಷಯ. ಅಲ್ಲಿ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಭಾಷೆ ಆಡುತ್ತಾರೆ. ಕನ್ನಡ ಎಲ್ಲರಿಗೂ ಬರುತ್ತದೆ, ಆದರೆ ಅದು ಪುಸ್ತಕದ ಕನ್ನಡದ ಹಾಗೆ. ನಾವು "ಐತಿ" ಅಂದರೆ ಅವರು "ಉಂಟು" ಅನ್ನುತ್ತಾರೆ. "ಎಂಥ ಬೇಕು?" ಎಂದರೆ ಜಗಳವಲ್ಲ, "ಏನು ಬೇಕು" ಎಂದು ಕೇಳಿದ್ದು. ನಮ್ಮ ಗಟ್ಟಿ ದನಿಯ ಮಾತು ಕೇಳಿ ಅವರೂ ಇವರು ಜಗಳ ಆಡುತ್ತಿದ್ದಾರೆ ಎಂದುಕೊಳ್ಳುವುದುಂಟು! ತುಳುವಿನಲ್ಲಿ "ಉಂಡು" ಅಂದರೆ ಐತಿ, "ಇಜ್ಜಿ" ಅಂದರೆ ಇಲ್ಲ, "ಏತ್" ಅಂದರೆ ಎಷ್ಟು. ಈ ಮೂರು ಮಾತು ಕಲಿತವಳಿಗೆ ಅಂಗಡಿಯಲ್ಲಿ ಬೇಗ ನಗುಮುಖ ಸಿಗುತ್ತದೆ ಎಂದು ನಮ್ಮ ಸದಸ್ಯೆಯೊಬ್ಬಳು ಹೇಳಿದಳು. ನೀವು ಯಾವ ಜಿಲ್ಲೆಯವರಾದರೂ ನಿಮ್ಮನ್ನು "ಬಿಜಾಪುರದವರು" ಅಥವಾ "ಘಟ್ಟದವರು" ಎಂದು ಕರೆಯಬಹುದು. ಕೆಲವರು ಪ್ರೀತಿಯಿಂದ, ಕೆಲವರು ತಾತ್ಸಾರದಿಂದ. ಎರಡನ್ನೂ ನಾವು ಕೇಳಿದ್ದೇವೆ.

ಊಟದಲ್ಲಿ ಕುಚ್ಚಲಕ್ಕಿ ಅನ್ನ, ಮೀನು. ಜೋಳದ ಹಿಟ್ಟು ಸಿಗುತ್ತದೆ, ಆದರೆ ಹುಡುಕಬೇಕು. ಊರಿನಿಂದ ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗುವವರು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ಬಟ್ಟೆ ಗಂಟಿನಲ್ಲಿ ಇಟ್ಟರೆ ಆ ತೇವದ ಗಾಳಿಗೆ ಎರಡೇ ದಿನದಲ್ಲಿ ಮೆತ್ತಗಾಗುತ್ತವೆ, ಮಳೆಗಾಲದಲ್ಲಿ ಬೂಸಲು ಹಿಡಿಯುತ್ತವೆ. ಮೀನು ತಿನ್ನುವವರಿಗೆ ಬೂತಾಯಿ, ಬಂಗುಡೆ ಸಿಕ್ಕ ದಿನ ಹಬ್ಬ.

ಬಸ್ಸಿನ ಬಗ್ಗೆ ಒಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಮಗೆ ಉಚಿತ ಪ್ರಯಾಣ ಇದೆಯಲ್ಲ, ಅದೇ ಧೈರ್ಯದಲ್ಲಿ ಮಂಗಳೂರಿನ ಸಿಟಿ ಬಸ್ಸು ಹತ್ತಬೇಡಿ. ಅಲ್ಲಿ ನಗರದೊಳಗೆ ಓಡುವ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು, ಟಿಕೆಟ್ ತೆಗೆದುಕೊಳ್ಳಲೇಬೇಕು. ಸರ್ಕಾರಿ ಬಸ್ಸು ನಿಲ್ಲುವುದು ಬಿಜೈಯಲ್ಲಿ, ಖಾಸಗಿ ಬಸ್ಸು ನಿಲ್ಲುವ ಜಾಗಕ್ಕೆ ಎಲ್ಲರೂ "ಸ್ಟೇಟ್ ಬ್ಯಾಂಕ್" ಎನ್ನುತ್ತಾರೆ. ಹೊಸಬರು ಬ್ಯಾಂಕ್ ಹುಡುಕುತ್ತಾ ನಿಲ್ಲುತ್ತಾರೆ.

ಮಳೆಗಾಲದ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ನೋಟ್‌ಬುಕ್ ತೆಗೆಯಿರಿ.

ನಮ್ಮ ಕೊಪ್ಪಳ, ರಾಯಚೂರಿನಲ್ಲಿ ವರ್ಷವಿಡೀ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು. ಮಂಗಳೂರಿನಲ್ಲಿ 3,500 ಮಿಲಿಮೀಟರ್‌ಗೂ ಹೆಚ್ಚು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ಮಳೆ ಬಂದರೆ ನಮಗೆ ಖುಷಿ. ಅಲ್ಲಿ ಮಳೆ ಬಂದರೆ ಕಟ್ಟಡ ಕೆಲಸ ನಿಲ್ಲುತ್ತದೆ. ಬಂದರಿನಲ್ಲೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಧಕ್ಕೆಯ ಕೂಲಿಯೂ ಇಳಿದುಹೋಗುತ್ತದೆ. ಹೊಲ ಇರುವವರು ಮುಂಗಾರು ಬಿತ್ತನೆಗೆ ಮರಳುತ್ತಾರೆ. ಹೊಲ ಇಲ್ಲದವರು, ಸಾಲ ಇರುವವರು ಅಲ್ಲೇ ಉಳಿಯುತ್ತಾರೆ. ಕಷ್ಟ ಅವರಿಗೆ.

ಒಂದು ಲೆಕ್ಕ ಮಾಡೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮ ಅಂಕಿ ನೀವು ಹಾಕಿಕೊಳ್ಳಿ. ಹೆಣ್ಣಾಳಿಗೆ ದಿನಕ್ಕೆ 600 ರೂಪಾಯಿ ಎನ್ನೋಣ. "ತಿಂಗಳಿಗೆ 18 ಸಾವಿರ ಬೀಳ್ತದವ್ವ" ಎಂದು ಮೇಸ್ತ್ರಿ ಹೇಳುತ್ತಾನೆ. ಅವನು 30 ದಿನಕ್ಕೆ ಗುಣಿಸಿದ್ದಾನೆ. ಭಾನುವಾರ, ಹಬ್ಬ, ಮೈ ಸರಿಯಿಲ್ಲದ ದಿನ, ಸಿಮೆಂಟು ಬಾರದ ದಿನ ಕಳೆದರೆ ಒಳ್ಳೆಯ ತಿಂಗಳಲ್ಲಿ 22 ದಿನ ಕೆಲಸ. 13,200 ರೂಪಾಯಿ. ಮನೆ ಖರ್ಚಿನಲ್ಲಿ ಅವಳ ಪಾಲು: ಬಾಡಿಗೆ 3,000, ದಿನಸಿ ಮತ್ತು ಗ್ಯಾಸು 3,800, ಬಸ್ಸು, ಮೊಬೈಲು, ಔಷಧಿ 700. ಒಟ್ಟು 7,500. ಉಳಿಯುವುದು 5,700. ಚೆನ್ನಾಗಿದೆ. ಜುಲೈ ತಿಂಗಳಿಗೆ ಬನ್ನಿ. ಕೆಲಸ 12 ದಿನ. ಬಂದದ್ದು 7,200, ಖರ್ಚು ಅದೇ 7,500. ಇಡೀ ತಿಂಗಳು ದುಡಿದು 300 ರೂಪಾಯಿ ಸಾಲ! ಆ ಸಾಲ ಕೊಡುವವನು ಯಾರು? ಅದೇ ಮೇಸ್ತ್ರಿ. ಮುಂದಿನ ವರ್ಷ ಅವನು ಕರೆದ ಕಡೆಗೆ, ಅವನು ಹೇಳಿದ ಕೂಲಿಗೆ ಹೋಗಬೇಕಾಗುವುದು ಹೀಗೆ. ಮುಂಗಡ ಎಂಬುದು ಕೈಗೆ ಬಂದ ದಿನ ಹಗುರ, ತೀರಿಸುವ ದಿನ ಭಾರ.

ಆದ್ದರಿಂದ ಮಾರ್ಚ್, ಏಪ್ರಿಲ್, ಮೇ ತಿಂಗಳಲ್ಲಿ ಉಳಿದದ್ದನ್ನು ಪೂರ್ತಿ ಊರಿಗೆ ಕಳಿಸಬೇಡಿ. ಮಳೆಗಾಲದ ಎರಡು ತಿಂಗಳ ಬಾಡಿಗೆಯಷ್ಟು ಹಣ ನಿಮ್ಮ ಹೆಸರಿನ ಖಾತೆಯಲ್ಲೇ ಇರಲಿ. ಮಳೆಗಾಲದಲ್ಲಿ ನಿಲ್ಲದ ಕೆಲಸವನ್ನು ಮೇ ತಿಂಗಳಲ್ಲೇ ನೋಡಿಟ್ಟುಕೊಳ್ಳಿ. ಮನೆಗೆಲಸ, ಹೋಟೆಲಿನ ಅಡುಗೆಮನೆ, ಗೇರುಬೀಜ ಕಾರ್ಖಾನೆ ಇಂಥವು. ಕೂಲಿ ಕಡಿಮೆ ಇರಬಹುದು, ಆದರೆ ತಲೆ ಮೇಲೆ ಸೂರು ಇರುತ್ತದೆ. ಹಾಜರಿಯನ್ನು ಮೇಸ್ತ್ರಿ ಬರೆದುಕೊಂಡರೆ ಸಾಲದು, ನೀವೂ ದಿನಾ ಬರೆಯಿರಿ. ಬರೆಯಲು ಬಾರದವರು ಕ್ಯಾಲೆಂಡರಿನಲ್ಲಿ ಗೀಟು ಎಳೆಯಿರಿ. ಒಂದೇ ಕೆಲಸಕ್ಕೆ ಗಂಡಿಗೊಂದು ಹೆಣ್ಣಿಗೊಂದು ಕೂಲಿ ಕೊಡುವುದು 1976ರಿಂದಲೂ ಕಾನೂನಿಗೆ ವಿರುದ್ಧ. ಆದರೂ ನಡೆಯುತ್ತಿದೆ. ಒಬ್ಬಳೇ ಕೇಳಿದರೆ ಕೆಲಸ ಹೋಗುತ್ತದೆ, ಹತ್ತು ಜನ ಸೇರಿ ಕೇಳಿದರೆ ಮಾತಾದರೂ ಆಗುತ್ತದೆ.

ಶೆಡ್ಡು ಮತ್ತು ಜ್ವರ

ಕಟ್ಟಡದ ಪಕ್ಕದಲ್ಲೇ ತಗಡಿನ ಶೆಡ್ಡು ಕೊಟ್ಟರೆ ಬಾಡಿಗೆ ಉಳಿಯುತ್ತದೆ, ಸರಿ. ಒಳಗೆ ಹೋಗುವ ಮೊದಲು ಶೆಡ್ಡಿನ ಹಿಂದೆ ಏನಿದೆ ನೋಡಿ. ಅಲ್ಲಿಯದು ಗುಡ್ಡದ ಊರು. ಗುಡ್ಡವನ್ನು ನೆಟ್ಟಗೆ ಕಡಿದು ಜಾಗ ಮಾಡಿರುತ್ತಾರೆ. ಹಾಗೆ ಕಡಿದ ಮಣ್ಣಿನ ಗೋಡೆಗೆ ಅಲ್ಲಿಯವರು ಬರೆ ಎನ್ನುತ್ತಾರೆ. ಜೋರು ಮಳೆಗೆ ಬರೆ ಜರಿಯುತ್ತದೆ, ರಾತ್ರಿ ಮಲಗಿದವರಿಗೆ ಗೊತ್ತೇ ಆಗುವುದಿಲ್ಲ. ಬರೆಯ ಬುಡದ ಶೆಡ್ಡು ಬೇಡ ಎಂದು ಹೇಳಿಬಿಡಿ.

ಮಂಗಳೂರಿನಲ್ಲಿ ಮಲೇರಿಯಾ 1990ರ ದಶಕದಿಂದ ದೊಡ್ಡ ತಲೆನೋವಾಗಿತ್ತು. ಈಚಿನ ವರ್ಷಗಳಲ್ಲಿ ಬಹಳ ಇಳಿದಿದೆ. ಆದರೂ ಆ ಸೊಳ್ಳೆ ಬೆಳೆಯುವುದು ತಿಳಿನೀರಿನಲ್ಲಿ, ಸ್ಲ್ಯಾಬಿನ ಮೇಲೆ ನಿಲ್ಲಿಸಿದ ನೀರು, ಡ್ರಮ್ಮು, ತೊಟ್ಟಿ ಇಲ್ಲೆಲ್ಲ. ಅಂದರೆ ನಾವು ದುಡಿಯುವ ಜಾಗದಲ್ಲೇ. ಸೊಳ್ಳೆಪರದೆ ಊರಿನಿಂದಲೇ ಒಯ್ಯಿರಿ. ಚಳಿಜ್ವರ ಬಂದರೆ ಅಂಗಡಿ ಗುಳಿಗೆ ನುಂಗಿ ಕೆಲಸಕ್ಕೆ ಹೋಗಬೇಡಿ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಉಚಿತ. ವೈವಾಕ್ಸ್ ಎಂಬ ಬಗೆಯ ಮಲೇರಿಯಾಕ್ಕೆ 14 ದಿನದ ಗುಳಿಗೆ ಕೊಡುತ್ತಾರೆ. ಮೂರನೇ ದಿನ ಜ್ವರ ಬಿಟ್ಟಿತೆಂದು ನಿಲ್ಲಿಸಿದರೆ ಮತ್ತೆ ಮರಳುತ್ತದೆ. ಬಸುರಿಯಾಗಿದ್ದರೆ ಅಥವಾ ಸಂಶಯವಿದ್ದರೂ ಗುಳಿಗೆ ತೆಗೆದುಕೊಳ್ಳುವ ಮೊದಲೇ ಹೇಳಬೇಕು. ನಗರದ ನಡುವೆ ವೆನ್‌ಲಾಕ್ ಜಿಲ್ಲಾ ಆಸ್ಪತ್ರೆ ಇದೆ, ಹೆರಿಗೆಗೆ ಲೇಡಿಗೋಷನ್ ಆಸ್ಪತ್ರೆ ಇದೆ. ಎರಡೂ ಸರ್ಕಾರಿ.

ಕಡಲು ನೋಡುವ ಆಸೆ ಯಾರಿಗಿಲ್ಲ? ಪಣಂಬೂರಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ದಂಡೆಯಲ್ಲಿ ಕೂರಿ. ಮಳೆಗಾಲದಲ್ಲಿ ಮಾತ್ರ ನೀರಿಗೆ ಕಾಲಿಡಬೇಡಿ. ಅದು ನಮ್ಮ ಕೆರೆಯಲ್ಲ, ಕಾಲ ಕೆಳಗಿನ ಮರಳನ್ನೇ ಎಳೆದುಕೊಳ್ಳುತ್ತದೆ.

ಕೈಯಲ್ಲಿ ಇರಬೇಕಾದ ಕಾಗದಗಳು

ರೇಷನ್ ಕಾರ್ಡ್ ಊರಿನಲ್ಲೇ ಬಿಟ್ಟುಹೋಗುವವರು ಈಗಲೂ ಇದ್ದಾರೆ. ರಾಜ್ಯದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ಹೆಬ್ಬೆಟ್ಟು ಕೊಟ್ಟು ಅಕ್ಕಿ ಪಡೆಯಬಹುದು. ತಾಯಿ ಕಾರ್ಡ್, ಮಗುವಿನ ಲಸಿಕೆ ಚೀಟಿ ಒಯ್ದರೆ ಅಲ್ಲಿಯ ಅಂಗನವಾಡಿಯಲ್ಲಿ ಮುಂದುವರಿಸುತ್ತಾರೆ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳನ್ನು ವರ್ಷದ ನಡುವೆಯೂ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕು. ಟಿ.ಸಿ. ಬರುವುದು ತಡವಾಯಿತೆಂದು ವಾಪಸ್ ಕಳಿಸುವಂತಿಲ್ಲ, ಇದು 2009ರ ಶಿಕ್ಷಣ ಹಕ್ಕು ಕಾಯ್ದೆ. ದೊಡ್ಡ ಹುಡುಗಿಯನ್ನು ತಮ್ಮನನ್ನು ನೋಡಿಕೊಳ್ಳಲು ಶೆಡ್ಡಿನಲ್ಲಿ ಬಿಡುವುದನ್ನು ನಾವು ನೋಡಿದ್ದೇವೆ. ಒಂದು ವರ್ಷ ಹೀಗೆ ಕೂತ ಹುಡುಗಿ ಮತ್ತೆ ಶಾಲೆಗೆ ಹೋಗಿದ್ದು ಕಡಿಮೆ. ಕಟ್ಟಡ ಕೆಲಸದಲ್ಲಿ ವರ್ಷಕ್ಕೆ 90 ದಿನ ದುಡಿದ, 18ರಿಂದ 60 ವರ್ಷದೊಳಗಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿಕೊಳ್ಳಿ. ಗಂಡನ ಕಾರ್ಡ್ ಇದೆ ಎಂದು ಸುಮ್ಮನಿರಬೇಡಿ. ಇಟ್ಟಿಗೆ ಹೊತ್ತವಳು ನೀನೂ ಹೌದಲ್ಲ ತಂಗಿ?

ಹೋದವಳು ಮತ್ತು ಸಂಘ

ನಮ್ಮ ಒಂದು ಸಂಘದಲ್ಲಿ ನಡೆದದ್ದು. ಆರು ವರ್ಷ ತಪ್ಪದೆ ಉಳಿತಾಯ ಕಟ್ಟಿದ ಸದಸ್ಯೆಯೊಬ್ಬಳು ಗಂಡನ ಜೊತೆ ಮಂಗಳೂರಿಗೆ ಹೋದಳು. ನಾಲ್ಕು ಸಭೆಗೆ ಸತತ ಗೈರುಹಾಜರಾದರೆ ಹೆಸರು ತೆಗೆಯಬೇಕೆಂದು ನಿಯಮ ಇತ್ತು. ಹೆಸರು ತೆಗೆದರು, ಉಳಿತಾಯದ ಹಣವನ್ನು ಬಾಕಿ ಸಾಲಕ್ಕೆ ವಜಾ ಮಾಡಿದರು. ಪುಸ್ತಕ ಚೊಕ್ಕವಾಯಿತು. ಆ ದಿನ ಸಭೆಯಲ್ಲಿ ನಾವೂ ಕೂತಿದ್ದೆವು, ನಿಯಮ ಪಾಲಿಸಿದಿರಿ ಎಂದು ಹೊಗಳಿಯೂ ಬಂದೆವು. ಆಗಸ್ಟ್‌ನಲ್ಲಿ ಅವಳು ಮರಳಿದಳು, ಮಗುವಿಗೆ ಮಲೇರಿಯಾ, ಮೇಸ್ತ್ರಿಯ ಮುಂಗಡ ಬೇರೆ. ಸಭೆಯ ಬಾಗಿಲಲ್ಲಿ ನಿಂತು "ನಾ ಒಳಗ ಬರಬಹುದೇನ್ರಿ?" ಎಂದು ಕೇಳಿದಳು. ಆ ಪ್ರಶ್ನೆಗೆ ನಮ್ಮಲ್ಲಿ ಯಾರೂ ಕೂಡಲೇ ಉತ್ತರ ಕೊಡಲಿಲ್ಲ.

ಬೈಬಲಿನಲ್ಲಿ ನವೊಮಿಯ ಕಥೆ ಇದೆ. ಬರಗಾಲಕ್ಕೆ ಊರು ಬಿಟ್ಟು ಹೋದವಳು ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡು ಸೊಸೆ ರೂತಳ ಜೊತೆ ಬರಿಗೈಯಲ್ಲಿ ಬೆತ್ಲೆಹೇಮಿಗೆ ಮರಳಿದಾಗ ಊರಿನ ಹೆಂಗಸರೇ ಮೊದಲು ಅವಳ ಸುತ್ತ ಸೇರಿದ್ದು. ಆ ಸಂಘದವರೂ ಎರಡು ವಾರದ ನಂತರ ಅವಳನ್ನು ಮತ್ತೆ ಸೇರಿಸಿಕೊಂಡರು. ಆದರೆ ಹಳೆಯ ಆರು ವರ್ಷದ ಉಳಿತಾಯ, ಅದರ ಮೇಲೆ ಸಿಗಬೇಕಿದ್ದ ಸಾಲದ ಅರ್ಹತೆ ಮತ್ತೆ ಬರಲಿಲ್ಲ. ಅವಳು ಹೊಸ ಸದಸ್ಯೆಯ ಹಾಗೆ ಮೊದಲಿನಿಂದ ಶುರು ಮಾಡಬೇಕಾಯಿತು. ಇದು ನಮ್ಮ ತಪ್ಪು.

ಅಂದಿನಿಂದ ನಾವು ಸಂಘಗಳಿಗೆ ಹೇಳುತ್ತಿರುವುದು ಇಷ್ಟು. ಗುಳೆ ಹೋಗುವವಳು ಹೋಗುವ ಮುಂಚಿನ ಸಭೆಯಲ್ಲಿ ತಿಳಿಸಬೇಕು, ಅದನ್ನು ನಿರ್ಣಯ ಪುಸ್ತಕದಲ್ಲಿ ಬರೆದು ಅವಳಿಗೆ ಹಾಜರಿಯಿಂದ ವಿನಾಯಿತಿ ಕೊಡಬೇಕು. ವಾರದ ಉಳಿತಾಯವನ್ನು ಅವಳು ತಿಂಗಳಿಗೊಮ್ಮೆ ಸಂಘದ ಬ್ಯಾಂಕ್ ಖಾತೆಗೆ ಫೋನಿನಿಂದ ಕಳಿಸಲಿ, ಒಬ್ಬ ಪ್ರತಿನಿಧಿಯ ಖಾತೆಗೆ ಬೇಡ. ಸಾಲದ ಕಂತನ್ನು ಹನ್ನೆರಡು ತಿಂಗಳಿಗೆ ಸಮ ಹಂಚಬೇಡಿ. ಮೇಲಿನ ಲೆಕ್ಕ ನೋಡಿದಿರಲ್ಲ, ಅಕ್ಟೋಬರಿನಿಂದ ಮೇವರೆಗೆ ದೊಡ್ಡ ಕಂತು, ಮಳೆಯ ನಾಲ್ಕು ತಿಂಗಳು ಬಡ್ಡಿ ಮಾತ್ರ. ಸಭೆಯ ದಿನ ಅವಳಿಗೆ ಒಂದು ಫೋನ್ ಮಾಡಿ, ಸ್ಪೀಕರ್ ಹಾಕಿ, ಎಲ್ಲರೂ ಮಾತಾಡಿ.

ಮುಂದಿನ ಸಭೆಯಲ್ಲಿ ಚರ್ಚಿಸಲು

ನಿಮ್ಮ ಸಂಘದಿಂದ ಈ ವರ್ಷ ಹೊರಗೆ ಹೋದವರು ಎಷ್ಟು ಜನ? ಅವರ ಈಗಿನ ಫೋನ್ ನಂಬರ್ ಕಾರ್ಯದರ್ಶಿಯ ಬಳಿ ಇದೆಯೇ?

ಗೈರುಹಾಜರಾದವರ ಹೆಸರು ತೆಗೆಯುವ ನಿಯಮ ನಿಮ್ಮಲ್ಲಿ ಇದೆಯೇ? ಅದರಿಂದ ಹೆಸರು ಕಳೆದುಕೊಂಡವರು ಯಾರು?

ಮಂಗಳೂರಿನಿಂದ ಮರಳಿದ ಒಬ್ಬರನ್ನು ಮುಂದೆ ಕೂರಿಸಿ, ಜುಲೈ ತಿಂಗಳ ಅವರ ನಿಜವಾದ ಲೆಕ್ಕ ಹೇಳಿಸಿ ಬರೆದುಕೊಳ್ಳಿ. ನಮ್ಮ ಕ್ಷೇತ್ರ ಕಾರ್ಯಕರ್ತೆ ಬಂದಾಗ ಆ ಹಾಳೆಯನ್ನು ಕೊಡಿ.