ಹಾಲಿನ ಗುಣ, ಕೆಚ್ಚಲಿನ ಆರೋಗ್ಯ ಮತ್ತು ವಂಶವಾಹಿಗಳು

ಹೆಚ್ಚು ಹಾಲು ಕರೆಯುವ ಹಸುವೇ ಉತ್ತಮ ಹಸುವೆಂದು ಎಣಿಸುವುದು ವಾಡಿಕೆ. ಈ ಎಣಿಕೆಯಲ್ಲಿ ಒಂದು ದೋಷವಿದೆ. ಹಾಲಿನ ಪ್ರಮಾಣವನ್ನಷ್ಟೇ ನೋಡಿ ತಲೆಮಾರುಗಳ ಕಾಲ ಹೋರಿಗಳನ್ನು ಆರಿಸುತ್ತ ಹೋದರೆ, ಹಾಲಿನೊಡನೆ ಕೆಚ್ಚಲುಬಾವಿಗೆ ಈಡಾಗುವ ಪ್ರವೃತ್ತಿಯೂ ಬೆಳೆಯುತ್ತದೆ. ಈ ಎರಡು ಗುಣಗಳು ವಂಶಪಾರಂಪರ್ಯದಲ್ಲಿ ಒಂದಕ್ಕೊಂದು ತೊಡಕಿಕೊಂಡಿರುವುದೇ ಇದಕ್ಕೆ ಕಾರಣ.

ಹಾಲಿನ ಗುಣದ ಮಟ್ಟಿಗೆ ವಿಜ್ಞಾನಿಗಳಿಗೆ ಸ್ಪಷ್ಟವಾದ ಗುರುತೊಂದು ದೊರೆತಿದೆ. ಹಸುವಿನ 30 ಜೊತೆ ವರ್ಣತಂತುಗಳಲ್ಲಿ 14ನೆಯದರ ಮೇಲೆ ಡಿಜಿಎಟಿ-1 ಎಂಬ ವಂಶವಾಹಿಯಿದೆ. ಕೊಬ್ಬಿನ ರಚನೆಯ ಕೊನೆಯ ಹಂತವನ್ನು ನಡೆಸುವ ಕಿಣ್ವವು ಇದರ ಆದೇಶದಂತೆ ರೂಪುಗೊಳ್ಳುತ್ತದೆ. ಆ ಕಿಣ್ವದ 232ನೆಯ ಸ್ಥಾನದಲ್ಲಿ ಲೈಸೀನ್ ಎಂಬ ಅಮೈನೋ ಆಮ್ಲವಿದ್ದರೆ ಹಾಲಿನಲ್ಲಿ ಕೊಬ್ಬು ಹೆಚ್ಚು, ಪ್ರಮಾಣ ಕಡಿಮೆ. ಅಲನೀನ್ ಇದ್ದರೆ ಹಾಲು ಹೆಚ್ಚು, ಆದರೆ ತೆಳು. ಬೆಲ್ಜಿಯಂ ದೇಶದ ಲೀಜ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಸಹೋದ್ಯೋಗಿಗಳೊಡನೆ 2002ರಲ್ಲಿ ಇದನ್ನು ಪ್ರಕಟಿಸಿದರು. ಹಿಣಿಲುಳ್ಳ ಭಾರತೀಯ ತಳಿಗಳಲ್ಲಿ ಕಂಡುಬರುವುದು ಬಹುಪಾಲು ಲೈಸೀನ್ ರೂಪವೇ. ನಾಟಿ ಹಸುವಿನ ಹಾಲು ಗಟ್ಟಿಯೆಂಬ ಹಳ್ಳಿಗರ ಮಾತು ಬರಿಯ ಅಭಿಮಾನದ್ದಲ್ಲ.

ಕೆಚ್ಚಲುಬಾವಿನ ವಿಷಯ ಇಷ್ಟು ಸರಳವಲ್ಲ. ರೋಗಾಣುಗಳು ಮೊಲೆತೊಟ್ಟಿನ ರಂಧ್ರದಿಂದ ಒಳಹೊಕ್ಕಾಗ ರಕ್ತದ ಬಿಳಿಯ ಕಣಗಳು ಅವುಗಳನ್ನು ಎದುರಿಸಲು ಧಾವಿಸುತ್ತವೆ. ಹಾಲಿನಲ್ಲಿ ಕೋಶಗಳ ಸಂಖ್ಯೆ ಏರುವುದು ಆಗಲೇ. ತೊಟ್ಟಿನ ಆಕಾರ, ರಂಧ್ರದ ಬಿಗಿ, ಕಣಗಳ ಚುರುಕು ಇವೆಲ್ಲಕ್ಕೂ ಬೇರೆಬೇರೆ ವಂಶವಾಹಿಗಳುಂಟು. ಒಂದೊಂದರ ಪ್ರಭಾವವೂ ಅಲ್ಪ. ಹಸುಹಸುವಿಗೆ ಕಾಣುವ ವ್ಯತ್ಯಾಸದಲ್ಲಿ ವಂಶದ ಪಾಲು ಶೇಕಡಾ ಕೆಲವೇ ಅಂಶ. ಉಳಿದದ್ದು ಕೊಟ್ಟಿಗೆಯ ಶುಚಿತ್ವಕ್ಕೆ, ಮೇವಿಗೆ, ಕರೆಯುವ ಕೈಗೆ ಸೇರಿದ್ದು.

ಅಲ್ಪವೆಂದು ಅದನ್ನು ಕೈಬಿಡಬೇಕಿಲ್ಲವೆಂಬುದಕ್ಕೆ ನಾರ್ವೆ ಸಾಕ್ಷಿ. ಅಲ್ಲಿ 1975ರಿಂದ ದೇಶದಾದ್ಯಂತ ಪ್ರತಿಯೊಂದು ಹಸುವಿಗೂ ಆರೋಗ್ಯಪತ್ರವಿಟ್ಟು ಪಶುವೈದ್ಯರ ಚಿಕಿತ್ಸೆಗಳನ್ನು ದಾಖಲಿಸಲಾಯಿತು. 1978ರಿಂದ ಕೆಚ್ಚಲುಬಾವಿನ ದಾಖಲೆಯೂ ನಾರ್ವೇಜಿಯನ್ ರೆಡ್ ತಳಿಯ ಹೋರಿಗಳ ಆಯ್ಕೆಯಲ್ಲಿ ಲೆಕ್ಕಕ್ಕೆ ಬಂದಿತು. ಒಂದೊಂದು ಹೋರಿಯನ್ನು ಅದರ ನೂರಾರು ಹೆಣ್ಣುಸಂತತಿಯಿಂದ ಅಳೆದರು. ಕಾಲಕ್ರಮದಲ್ಲಿ ಹಾಲಿನ ಇಳುವರಿ ಕುಗ್ಗದೆಯೇ ರೋಗ ತಗ್ಗಿತು.

ಸಾವಿರಾರು ಗುರುತುಗಳನ್ನು ಒಟ್ಟಾಗಿ ಎಣಿಸಿ ಕರುವಿನ ಯೋಗ್ಯತೆಯನ್ನು ಅಂದಾಜು ಮಾಡುವ ವಿಧಾನವನ್ನು ಮ್ಯೂವಿಸ್ಸೆನ್, ಹೇಯ್ಸ್ ಮತ್ತು ಗೊಡ್ಡಾರ್ಡ್ 2001ರಲ್ಲಿ ಮಂಡಿಸಿದರು. ಅಮೆರಿಕವು 2009ರಲ್ಲಿ ಇದನ್ನು ಅಧಿಕೃತವಾಗಿ ಬಳಕೆಗೆ ತಂದಿತು. ಹೋರಿಗರುವಿನ ಹೆಣ್ಣುಸಂತತಿ ಹಾಲು ಕರೆಯುವವರೆಗೆ ಈಗ ಕಾಯಬೇಕಾಗಿಲ್ಲ. ಅದರ ಕಿವಿಯ ಚೂರು ಅಥವಾ ಕೆಲವು ರೋಮಗಳು ಸಾಕು. ಆದರೆ ಆ ರೋಮದಲ್ಲಿನ ಗುರುತಿಗೆ ಅರ್ಥ ಬರುವುದು, ಯಾವ ಹಸುವಿಗೆ ಎಂದು ಬಾವು ಬಂದಿತೆಂದು ಯಾರೋ ಬರೆದಿಟ್ಟ ಪುಸ್ತಕವಿದ್ದಾಗ ಮಾತ್ರ.