ಉಳಿದ ವರ್ಷಗಳ ಲೆಕ್ಕ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರ ಬಾಯಲ್ಲಿ ಮೊದಲು ಬರುವ ಪ್ರಶ್ನೆ ‘ಎಷ್ಟು ಓಡಿದೆ?’ ಮಾರುವವರಿಗೂ ಇದು ಗೊತ್ತು. ಅದಕ್ಕೇ ಜಾಹೀರಾತಿನಲ್ಲಿ ಬೆಲೆಯ ಪಕ್ಕದಲ್ಲೇ ಕಿಲೋಮೀಟರ್ ಕೂತಿರುತ್ತದೆ. ನನ್ನ ಮಟ್ಟಿಗೆ ಆ ಪ್ರಶ್ನೆ ಮೂರನೆಯದೋ ನಾಲ್ಕನೆಯದೋ ಆದರೆ ಸಾಕು. ಈ ಕಾರಿನ ಆರ್‌ಸಿ ಇನ್ನೆಷ್ಟು ವರ್ಷ ನಡೆಯುತ್ತದೆ, ತೆರಿಗೆ ಎಲ್ಲಿಯವರೆಗೆ ಕಟ್ಟಿದೆ, ನಾನು ಕೊಡುವ ದುಡ್ಡನ್ನು ಉಳಿದ ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ಎಷ್ಟು ಬೀಳುತ್ತದೆ ಎಂದು ಮೊದಲು ಕೇಳಿಕೊಂಡವರು ಬಾನೆಟ್ ಎತ್ತುವ ಮುನ್ನವೇ ಅರ್ಧ ವ್ಯಾಪಾರ ಮುಗಿಸಿರುತ್ತಾರೆ.

ಕಿಲೋಮೀಟರನ್ನು ಅಷ್ಟಾಗಿ ನೆಚ್ಚಿಕೊಳ್ಳಬಾರದು ಎನ್ನುವುದಕ್ಕೆ ಕಾರಣ ಎರಡು. ಮೀಟರ್ ಹಿಂದಕ್ಕೆ ತಿರುಗಿಸುವ ಕಸುಬು ಡಿಜಿಟಲ್ ಮೀಟರ್ ಬಂದ ಮೇಲೂ ನಿಂತಿಲ್ಲ. ಸ್ಕ್ರೂಡ್ರೈವರ್ ಹೋಗಿ ಲ್ಯಾಪ್‌ಟಾಪ್ ಬಂದಿದೆ, ಅಷ್ಟೆ. ಅಂಕಿ ನಿಜವೇ ಆಗಿದ್ದರೂ ಅದು ಹೇಳುವುದು ಕಡಿಮೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಗಂಟೆಗೆ ಸರಾಸರಿ 20 ಕಿ.ಮೀ. ಎಂದು ಹಿಡಿದರೆ 40,000 ಕಿ.ಮೀ. ಓಡಿದ ಕಾರಿನ ಎಂಜಿನ್ 2,000 ಗಂಟೆ ಉರಿದಿರುತ್ತದೆ. ಹುಬ್ಬಳ್ಳಿ ಹೆದ್ದಾರಿಯಲ್ಲಿ ಸರಾಸರಿ 60ರಲ್ಲಿ 80,000 ಕಿ.ಮೀ. ಓಡಿದ್ದು ಉರಿದಿರುವುದು ಸುಮಾರು 1,330 ಗಂಟೆ. ದುಪ್ಪಟ್ಟು ಓಡಿದ ಕಾರೇ ಕಡಿಮೆ ದಣಿದಿದೆ. ಕ್ಲಚ್, ಬ್ರೇಕ್‌ಗಳ ಸವೆತದಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ಆದರೂ ಮಾರುಕಟ್ಟೆ ಮೊದಲನೆಯದಕ್ಕೇ ಹೆಚ್ಚು ಬೆಲೆ ಕಟ್ಟುತ್ತದೆ. ಇದನ್ನು ಅರಿತವರಿಗೆ ಆ ತಪ್ಪು ಬೆಲೆಯೇ ಲಾಭ.

ಈಗ ವರ್ಷದ ಲೆಕ್ಕಕ್ಕೆ ಬರೋಣ. ಖಾಸಗಿ ಕಾರಿನ ನೋಂದಣಿ 15 ವರ್ಷ ಚಾಲ್ತಿಯಲ್ಲಿರುತ್ತದೆ. ವಿಮೆಗೆ ಕಾರಿನ ಮೌಲ್ಯ ಕಟ್ಟುವ ಪಟ್ಟಿಯಲ್ಲಿ ಆರು ತಿಂಗಳು ದಾಟಿದ ಕಾರಿಗೆ ಶೇ 15, ನಾಲ್ಕು ವರ್ಷ ದಾಟಿದ್ದಕ್ಕೆ ಶೇ 50 ಸವಕಳಿ. ಅಂದರೆ ಆಯಸ್ಸಿನಲ್ಲಿ ಮೂರನೇ ಒಂದು ಭಾಗ ಕಳೆಯುವಷ್ಟರಲ್ಲಿ ಬೆಲೆಯಲ್ಲಿ ಅರ್ಧ ಕರಗಿರುತ್ತದೆ. ಷೋರೂಂ ಬೆಲೆ ₹9 ಲಕ್ಷ ಇರುವ ಕಾರಿಗೆ ಕರ್ನಾಟಕದಲ್ಲಿ ಶೇ 14ರಷ್ಟು ಜೀವಾವಧಿ ತೆರಿಗೆ, ಅದರ ಮೇಲಿನ ಸೆಸ್, ವಿಮೆ ಎಲ್ಲ ಸೇರಿ ರಸ್ತೆಗಿಳಿಸಲು ₹10.8 ಲಕ್ಷ ಬೇಕು ಎಂದಿಟ್ಟುಕೊಳ್ಳಿ. 15 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ₹72,000. ಅದೇ ಮಾದರಿಯ ಐದು ವರ್ಷದ ಕಾರು ₹5.5 ಲಕ್ಷಕ್ಕೆ ಸಿಕ್ಕರೆ ಉಳಿದ ಹತ್ತು ವರ್ಷಕ್ಕೆ ₹55,000ದಂತೆ ಬೀಳುತ್ತದೆ. ಹತ್ತು ವರ್ಷದ್ದು ₹3.2 ಲಕ್ಷಕ್ಕೆ ಅಗ್ಗ ಎನಿಸಿದರೂ ಉಳಿದಿರುವುದು ಐದೇ ವರ್ಷ, ವರ್ಷಕ್ಕೆ ₹64,000. ಮೊದಲ ಮಾಲೀಕರು ಕಟ್ಟಿದ ಜೀವಾವಧಿ ತೆರಿಗೆ ಕಾರಿನ ಜೊತೆಗೇ ನಿಮಗೆ ಬರುತ್ತದೆ ಎನ್ನುವುದನ್ನೂ ಮರೆಯಬಾರದು. ಇಲ್ಲೊಂದು ಎಚ್ಚರಿಕೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದು ಜಿಎಸ್‌ಟಿ ಜೊತೆಗಿದ್ದ ಸೆಸ್ಸೂ ಹೋಯಿತು. ಆದ್ದರಿಂದ ಮಾರುವವರು ಹಳೆಯ ಬಿಲ್ ತೋರಿಸಿ ‘ನಾನು ಇಷ್ಟು ಕೊಟ್ಟಿದ್ದೆ’ ಎಂದರೆ ಆ ಮಾತಿಗೆ ತೂಕವಿಲ್ಲ. ಚೌಕಾಸಿ ಇವತ್ತಿನ ಹೊಸ ಕಾರಿನ ಬೆಲೆಯಿಂದ ಶುರುವಾಗಬೇಕು.

15 ವರ್ಷ ಆದಮೇಲೆ ಐದು ವರ್ಷ ನವೀಕರಿಸಬಹುದಲ್ಲ ಎಂದು ಕೇಳಬಹುದು. ಹೌದು. ಫಿಟ್‌ನೆಸ್ ಪಾಸಾಗಬೇಕು, 2022ರ ಏಪ್ರಿಲ್‌ನಿಂದ ಶುಲ್ಕವೇ ₹5,000. ಆದರೆ ಆ ಐದು ವರ್ಷವನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ಬರದ ಬಾಡಿಗೆ ನಂಬಿ ಮನೆ ಕಟ್ಟಿಸಿದ ಹಾಗೆ. ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆ ಇದೆ: ಕಾರನ್ನು ಕೊನೆಯವರೆಗೆ ಇಟ್ಟುಕೊಳ್ಳುವವರು ಎಷ್ಟು ಜನ? ಮಧ್ಯದಲ್ಲಿ ಮಾರಿದರೆ ಲೆಕ್ಕ ಬದಲಾಗುತ್ತದೆ, ನಿಜ. ಮೇಲಿನ ಅಂಕಿಗಳನ್ನೇ ಹಿಡಿದರೆ ಹೊಸ ಕಾರು ಮೊದಲ ಐದು ವರ್ಷದಲ್ಲಿ ವರ್ಷಕ್ಕೆ ₹1 ಲಕ್ಷಕ್ಕೂ ಹೆಚ್ಚು ಕಳೆದುಕೊಳ್ಳುತ್ತದೆ, ಐದರಿಂದ ಹತ್ತರವರೆಗೆ ₹46,000. ಹತ್ತು ವರ್ಷದ ಕಾರನ್ನು 15ನೇ ವರ್ಷಕ್ಕೆ ₹1 ಲಕ್ಷಕ್ಕೆ ಮಾರಿದರೂ ನಷ್ಟ ವರ್ಷಕ್ಕೆ ₹44,000. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಸಸ್ಪೆನ್ಷನ್, ಕ್ಲಚ್, ಎ.ಸಿ. ಕಂಪ್ರೆಸರ್ ಸಾಲಾಗಿ ಕೈಕೊಡುವುದು ಹತ್ತರ ಆಚೆಗೆ. ಹಾಗಾಗಿ ನಾಲ್ಕರಿಂದ ಆರು ವರ್ಷದ ಕಾರಿನ ಪರ ನನ್ನ ಮತ ಬದಲಾಗುವುದಿಲ್ಲ.

ಈ ಲೆಕ್ಕ ಮಾಡದವರು ಹೆಚ್ಚಾಗಿ ಎಡವುವುದು ಹೊರರಾಜ್ಯದ ಕಾರಿನಲ್ಲಿ. ದೆಹಲಿ ವಲಯದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಕಾರು ಓಡಿಸಬಾರದು ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಅಲ್ಲಿನ ದೊಡ್ಡ ಡೀಸೆಲ್ ಕಾರುಗಳು ಎನ್‌ಒಸಿ ಹಿಡಿದು ದಕ್ಷಿಣಕ್ಕೆ ಇಳಿದವು. ಬೆಲೆ ಕೇಳಿದರೆ ಯಾರಿಗಾದರೂ ಆಸೆ ಹುಟ್ಟುತ್ತದೆ. ಆದರೆ ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಮರುನೋಂದಣಿ ಕಡ್ಡಾಯ, ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿನ ಜೀವಾವಧಿ ತೆರಿಗೆಯನ್ನು ಹೊಸದಾಗಿ ಕಟ್ಟಬೇಕು. ಆರ್‌ಸಿಯ 15 ವರ್ಷ ಮಾತ್ರ ಮೊದಲ ನೋಂದಣಿಯ ದಿನದಿಂದಲೇ. ಬಿಎಚ್ (ಭಾರತ್) ಸರಣಿಯ ನಂಬರಿನ ಕಾರಿನಲ್ಲೂ ಇಂಥದ್ದೇ ಒಂದು ಸೂಕ್ಷ್ಮವಿದೆ: 2021ರಲ್ಲಿ ಬಂದ ಆ ಸರಣಿಯಲ್ಲಿ ತೆರಿಗೆ ಕಟ್ಟುವುದು ಎರಡೆರಡು ವರ್ಷಕ್ಕೆ. ಕೆಎ ನಂಬರಿನ ಕಾರಿನ ಬೆಲೆಯೊಳಗೆ ಸೇರಿರುವ ತೆರಿಗೆ ಇದರಲ್ಲಿ ಇಲ್ಲ. ಎರಡಕ್ಕೂ ಒಂದೇ ಬೆಲೆ ಕೇಳಿದರೆ ಒಪ್ಪಬಾರದು.

ಹಾಗಾದರೆ ಕಾರಿನ ಸ್ಥಿತಿ ಮುಖ್ಯವಲ್ಲವೇ? ಮುಖ್ಯವೇ. ಆದರೆ ಸ್ಥಿತಿಯ ದೋಷಗಳಲ್ಲಿ ಬಹುಪಾಲಿಗೆ ಒಂದು ಬಿಲ್ ಇರುತ್ತದೆ. ಟೈರು ಸವೆದಿದ್ದರೆ, ಕ್ಲಚ್ ಜಾರುತ್ತಿದ್ದರೆ ಮೆಕ್ಯಾನಿಕ್ ಖರ್ಚು ಹೇಳುತ್ತಾರೆ, ಅಷ್ಟನ್ನು ಬೆಲೆಯಲ್ಲಿ ಇಳಿಸಿದರೆ ಆಯಿತು. ಮಾರುವವರ ಜೊತೆ ಬಂದ ಮೆಕ್ಯಾನಿಕ್ ಆಗಿರಬಾರದು ಎನ್ನುವುದನ್ನು ಹೇಳಬೇಕಾಗಿಯೇ ಇಲ್ಲ. ಕಂಪನಿ ಸರ್ವೀಸಿನ ದಾಖಲೆ ಕೇಳಿ. ಟೈರಿನ ಬದಿಯಲ್ಲಿ ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕಿ ಓದಿ. ಮೀಟರ್ 25,000 ಎನ್ನುತ್ತಿದ್ದು ನಾಲ್ಕೂ ಟೈರು ಕಾರಿಗಿಂತ ಮೂರು ವರ್ಷ ಕಿರಿಯವಾಗಿದ್ದರೆ ಯಾವುದೋ ಒಂದು ಸುಳ್ಳು ಹೇಳುತ್ತಿದೆ. ಬಿಲ್ಲಿಗೆ ಸಿಗದ ದೋಷಗಳು ಎರಡೇ: ಅಪಘಾತದಲ್ಲಿ ಬಾಗಿದ ಚಾಸಿ ಮತ್ತು ನೆರೆನೀರಿನಲ್ಲಿ ಮುಳುಗಿದ ಕಾರು. 2015ರ ಚೆನ್ನೈ, 2022ರ ಬೆಂಗಳೂರಿನ ಹೊರವರ್ತುಲ ರಸ್ತೆ, ಹೀಗೆ ಪ್ರತಿ ನೆರೆಯೂ ಒಂದಷ್ಟು ಕಾರುಗಳನ್ನು ಮಾರುಕಟ್ಟೆಗೆ ತಳ್ಳುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದಾಗ ಕೊನೆಯಲ್ಲಿ ಕೆಸರಿನ ಕಲೆ, ಸೀಟಿನ ಹಳಿಯಲ್ಲಿ ತುಕ್ಕು ಕಂಡರೆ ಬೆಲೆ ಮಾತಾಡುವ ಅಗತ್ಯವಿಲ್ಲ, ಮನೆಗೆ ಹೋಗಬಹುದು.

ಇಷ್ಟೆಲ್ಲ ತಲೆನೋವು ಬೇಡ, ವಾರಂಟಿ ಕೊಡುವ ದೊಡ್ಡ ಡೀಲರ್ ಹತ್ತಿರವೇ ಕೊಳ್ಳುತ್ತೇನೆ ಎನ್ನುವವರೂ ಇದ್ದಾರೆ. ತಪ್ಪೇನಿಲ್ಲ. ಅವರ ಲಾಭಾಂಶ, ಅದರ ಮೇಲಿನ ಶೇ 18 ಜಿಎಸ್‌ಟಿ ಎರಡನ್ನೂ ಕೊಡುವುದು ನೀವೇ; ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಮಾರಾಟಕ್ಕೆ ಈ ತೆರಿಗೆ ಇಲ್ಲ. ನಂಬುವ ಮೆಕ್ಯಾನಿಕ್ ಇಲ್ಲದವರಿಗೆ ಅದು ನೆಮ್ಮದಿಯ ಬೆಲೆ. ವಾರಂಟಿ ಯಾವ ಭಾಗಕ್ಕೆ, ಎಷ್ಟು ತಿಂಗಳಿಗೆ ಎಂದು ಓದಿ ಸಹಿ ಹಾಕಬೇಕು ಅಷ್ಟೆ.

ಬಿಲ್ಲಿಲ್ಲದ ದೊಡ್ಡ ಅಪಾಯ ಕಾಗದದಲ್ಲಿದೆ. ಹಳೆಯ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿರಬಹುದು. ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ಅದು ಹೋಗುವುದಿಲ್ಲ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ಮರೆತುಬಿಡುವ ರೂಢಿ ನಮ್ಮಲ್ಲಿದೆ. ಹೆಸರು ಬದಲಾಗುವವರೆಗೆ ಅಪಘಾತದ ಪರಿಹಾರಕ್ಕೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ, ಹಾಗಾಗಿ ಮಾರಿದವರಿಗೂ ಅವಸರ ಇರಬೇಕು. ಕೊಂಡವರ ಕಷ್ಟ ವಿಮೆಯದು. ಪಾಲಿಸಿ ವರ್ಗಾವಣೆಗೆ 14 ದಿನದೊಳಗೆ ಅರ್ಜಿ ಕೊಡದೆ ನಂತರ ಕಾರು ಜಖಂ ಆದರೆ ಕ್ಲೇಮ್ ಸಿಗುವುದು ಕಷ್ಟ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಕೂಡ ಅವರ ಜೊತೆಗೇ ಹೋಗುತ್ತದೆ. ಶೇ 50ರವರೆಗೆ ಇರಬಹುದಾದ ಆ ರಿಯಾಯಿತಿಯ ವ್ಯತ್ಯಾಸವನ್ನು ನೀವು ತುಂಬಬೇಕು. ಇದಕ್ಕೆಲ್ಲ ನಾನು ಹೇಳುವ ಉಪಾಯ ಸರಳ: ಒಪ್ಪಿದ ಬೆಲೆಯಲ್ಲಿ ಒಂದು ಪಾಲನ್ನು ತಡೆಹಿಡಿದು, ಪರಿವಾಹನ್ ತಾಣದಲ್ಲಿ ನಿಮ್ಮ ಹೆಸರು ಕಂಡ ದಿನ ಕೊಡುತ್ತೇನೆಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ. ಅದಕ್ಕೆ ಒಪ್ಪದ ಬ್ರೋಕರ್ ಇದ್ದರೆ, ಪಕ್ಕದ ಬೀದಿಯಲ್ಲಿ ಇನ್ನೊಬ್ಬರು ಇರುತ್ತಾರೆ.